ಬೆಕ್ಕಿನ ಮರಿಗೆ ಮನೆಯೂಟ: ಮಾಂಸ ಬೇಯಿಸಿ ಹಾಕಿದರೆ ಯಾಕೆ ಸಾಲದು

"ನಮ್ಮೂರ ಮನೆಯಲ್ಲಿ ಬೆಕ್ಕಿಗೆ ಬರೀ ಹಾಲನ್ನ ಹಾಕಿ ಸಾಕಿದ್ದು, ಹತ್ತು ವರ್ಷ ಗಟ್ಟಿಮುಟ್ಟಾಗಿತ್ತು" ಎಂಬ ಮಾತು ಬೆಕ್ಕಿನ ಊಟದ ವಿಷಯ ಎತ್ತಿದಲ್ಲೆಲ್ಲ ಬರುತ್ತದೆ. ಮಾತು ಸುಳ್ಳಲ್ಲ. ಆದರೆ ಆ ಬೆಕ್ಕು ಹಗಲು ಹಾಲನ್ನ ನೆಕ್ಕಿ, ರಾತ್ರಿ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ, ಬಣವೆಯ ಬುಡದಲ್ಲಿ ಇಲಿ ಹಿಡಿಯುತ್ತಿತ್ತು. ಹಲ್ಲಿ, ಮಿಡತೆ, ಗುಬ್ಬಿಮರಿಯನ್ನೂ ಬಿಡುತ್ತಿರಲಿಲ್ಲ. ಅದನ್ನು ಸಾಕಿದ್ದು ಇಲಿ. ಹಾಲನ್ನ ಬರೀ ಮೇಲೋಗರ. ಬೆಂಗಳೂರಿನ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿರುವ ಮರಿಗೆ ಅಟ್ಟವೂ ಇಲ್ಲ, ಕೊಟ್ಟಿಗೆಯೂ ಇಲ್ಲ. ಅದರ ಬಟ್ಟಲಿಗೆ ಏನು ಬೀಳುತ್ತದೋ ಅಷ್ಟೇ ಅದರ ಮೈಯಾಗುತ್ತದೆ.

ಹಾಗಾಗಿ ಮನೆಯೂಟ ಮಾಡಬೇಕೆನ್ನುವವರು ಇಲಿಯಿಂದಲೇ ಲೆಕ್ಕ ಶುರುಮಾಡಬೇಕು. ಬೆಕ್ಕು ಇಲಿಯನ್ನು ಇಡಿಯಾಗಿ ತಿನ್ನುತ್ತದೆ. ಮಾಂಸದ ಜೊತೆಗೆ ಮೂಳೆ, ಲಿವರ್, ಗುಂಡಿಗೆ, ಮಿದುಳು, ರಕ್ತ ಎಲ್ಲವೂ ಒಳಗೆ ಹೋಗುತ್ತವೆ. ನಾವು ಅಂಗಡಿಯಿಂದ ತರುವ ಬೋನ್‌ಲೆಸ್ ಚಿಕನ್ ಆ ಇಲಿಯ ಒಂದು ತುಣುಕು ಮಾತ್ರ. ಉಳಿದದ್ದನ್ನು ತೂಗಿ, ಅಳೆದು ನಾವೇ ಸೇರಿಸಬೇಕು.

ಹಾಲನ್ನದಲ್ಲಿ ಎಷ್ಟಿದೆ?

ಒಂದು ಕಿಲೊ ತೂಗುವ ಮರಿಗೆ (ವಯಸ್ಸು ಹತ್ತಿರ ಹತ್ತಿರ ಎರಡೂಕಾಲು ತಿಂಗಳು) ದಿನಕ್ಕೆ ಸುಮಾರು 175 ಕಿಲೊ ಕ್ಯಾಲೊರಿ ಬೇಕು. ಅಷ್ಟು ಶಕ್ತಿಯ ಊಟದಲ್ಲಿ ಕನಿಷ್ಠ 13 ಗ್ರಾಂ ಪ್ರೋಟೀನ್ ಇರಬೇಕು. 100 ಗ್ರಾಂ ಅನ್ನಕ್ಕೆ 70 ಮಿಲಿ ಹಾಲು ಕಲಸಿದರೆ ಕ್ಯಾಲೊರಿ ಸರಿಹೋಗುತ್ತದೆ, ಪ್ರೋಟೀನ್ ಸಿಗುವುದು 5 ಗ್ರಾಂ. ಹೊಟ್ಟೆ ತುಂಬಿದ ಮರಿ ಸುಮ್ಮನೆ ಮಲಗುತ್ತದೆ, ನಮಗೆ ಸಮಾಧಾನವಾಗುತ್ತದೆ. ಸ್ನಾಯು ಕಟ್ಟಲು ಬೇಕಾದ ಸಾಮಾನು ಮಾತ್ರ ಅರ್ಧಕ್ಕಿಂತ ಕಡಿಮೆ. ಹಾಲು ಕುಡಿಯುವ ವಯಸ್ಸಿನ ತಬ್ಬಲಿ ಮರಿಗೂ ಹಸುವಿನ ಹಾಲು ಆಗುವುದಿಲ್ಲ. ತಾಯಿ ಬೆಕ್ಕಿನ ಹಾಲಿನಲ್ಲಿರುವ ಪ್ರೋಟೀನಿನ ಅರ್ಧವೂ ಅದರಲ್ಲಿಲ್ಲ. ನಾಲ್ಕು ವಾರದೊಳಗಿನ ಮರಿಗೆ ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿಯೊಂದೇ ದಾರಿ. ಇಲ್ಲಿ ಹೇಳುವ ಊಟ ನಾಲ್ಕು ವಾರ ದಾಟಿ ಗಟ್ಟಿ ಆಹಾರ ಶುರುಮಾಡಿದ, ಅದರಲ್ಲೂ ಏಳೆಂಟು ವಾರಕ್ಕೆ ತಾಯಿಯ ಹಾಲು ಪೂರ್ತಿ ಬಿಟ್ಟ ಮರಿಗಳದ್ದು.

ಬೇಳೆ, ಪನೀರ್, ಸೋಯಾ ಹಾಕಿ ಸಸ್ಯಾಹಾರದಲ್ಲೇ ಸರಿದೂಗಿಸಬಹುದೇ ಎಂದು ಕೇಳುವವರು ನಮ್ಮಲ್ಲಿ ಬಹಳ. ಮನೆಯಡುಗೆಯಲ್ಲಿ ಅದು ಆಗದು. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್‌ನಿಂದ ವಿಟಮಿನ್ ಎ ಮಾಡಿಕೊಳ್ಳುವ ಶಕ್ತಿ ಬೆಕ್ಕಿನ ದೇಹಕ್ಕಿಲ್ಲ. ಬಿಸಿಲು ಕಾಯಿಸಿದರೆ ವಿಟಮಿನ್ ಡಿ ಸಾಕಷ್ಟು ಹುಟ್ಟುವುದಿಲ್ಲ. ಅಡುಗೆ ಎಣ್ಣೆಯ ಲಿನೊಲೇಯಿಕ್ ಆಮ್ಲದಿಂದ ಅರಾಕಿಡೋನಿಕ್ ಆಮ್ಲ ಎಂಬ ಅಗತ್ಯ ಕೊಬ್ಬಿನಂಶವನ್ನು ಬೇಕಾದಷ್ಟು ತಯಾರಿಸಲಾಗದು. ಕಣ್ಣು, ಹೃದಯಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶವಂತೂ ಗಿಡಗಳಲ್ಲಿ ಇಲ್ಲವೆಂದೇ ಹೇಳಬೇಕು. ಸಾವಿರಾರು ತಲೆಮಾರು ಇಲಿಯ ಮೈಯಿಂದ ಇವೆಲ್ಲ ಸಿದ್ಧರೂಪದಲ್ಲಿ ಸಿಕ್ಕಿದ್ದರಿಂದ ಇವನ್ನು ತಾನೇ ಮಾಡಿಕೊಳ್ಳುವ ಗೋಜಿಗೆ ಬೆಕ್ಕಿನ ದೇಹ ಹೋಗಿಲ್ಲ. ಅಡುಗೆಮನೆಗೆ ಮಾಂಸ ತರಲಾಗದವರು ಮರಿಗಳಿಗೆಂದೇ ಇರುವ, ಪೊಟ್ಟಣದ ಮೇಲೆ "ಬೆಳವಣಿಗೆಗೆ ಸಂಪೂರ್ಣ ಆಹಾರ" ಎಂಬ ಅರ್ಥದ ಬರಹವಿರುವ ರೆಡಿ ಆಹಾರ ಕೊಡಲಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮರಿಗೆ ಒಳ್ಳೆಯದೇ ಆಗುತ್ತದೆ.

ಯಾವ ಕೊರತೆ ಯಾವಾಗ ಕಾಣುತ್ತದೆ

ಮನೆಯೂಟ ಮೋಸ ಮಾಡುವುದು ಹೀಗೆ: ಕೊರತೆ ಇದ್ದರೂ ಮರಿ ವಾರಗಟ್ಟಲೆ ಚೆನ್ನಾಗಿಯೇ ಕಾಣುತ್ತದೆ. ಒಂದೊಂದು ಕೊರತೆಗೆ ಒಂದೊಂದು ಗಡುವು.

ಅತಿ ಬೇಗ ಬರುವುದು ಆರ್ಜಿನಿನ್ ಕೊರತೆ. ಪ್ರೋಟೀನಿನ ಒಂದು ಘಟಕವಾದ ಈ ಅಮೈನೋ ಆಮ್ಲವೇ ಇಲ್ಲದ ಒಂದೇ ಒಂದು ಊಟ ಕೊಟ್ಟರೂ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಅಮೋನಿಯ ಏರಿ ಬೆಕ್ಕು ವಾಂತಿ ಮಾಡಿ ಒದ್ದಾಡುತ್ತದೆಂದು 1978ರಲ್ಲಿ ಪ್ರಯೋಗದಲ್ಲಿ ಕಂಡಿತು. ಮಾಂಸ ಹಾಕಿದವರಿಗೆ ಈ ಭಯವಿಲ್ಲ, ಮಾಂಸದಲ್ಲಿ ಅದು ಧಾರಾಳ.

ಮುಂದಿನದು ಥಯಾಮಿನ್ (ವಿಟಮಿನ್ ಬಿ1). ಇದಕ್ಕೆ ವಾರಗಳು ಸಾಕು. ಹಸಿ ಮೀನಿನ ಹಲವು ಜಾತಿಗಳಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಈ ವಿಟಮಿನ್ನನ್ನು ಒಡೆದುಹಾಕುತ್ತದೆ. ಗಂಟೆಗಟ್ಟಲೆ ಕುದಿಸಿದರೂ ಈ ವಿಟಮಿನ್ ನಾಶವಾಗುತ್ತದೆ. ಮರಿ ತೂರಾಡುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಕತ್ತು ಕೆಳಕ್ಕೆ ಬಾಗಿ ಗದ್ದ ಎದೆಗೆ ತಾಗುವಂತಾಗುತ್ತದೆ. ಕತ್ತು ಹಾಗೆ ಬಾಗಿದ್ದು ಕಂಡರೆ ನಾಳೆ ನೋಡೋಣ ಎನ್ನಬೇಡಿ, ಅಂದೇ ಪಶುವೈದ್ಯರ ಬಳಿ ಒಯ್ಯಿರಿ.

ಕ್ಯಾಲ್ಸಿಯಂ ಕೊರತೆಯೂ ವಾರಗಳ ಲೆಕ್ಕದ್ದೇ. ಬರೀ ಮಾಂಸ ತಿನ್ನುವ ಮರಿಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದು. ಕುರ್ಚಿಯ ಅಂಚಿಗೆ ಬಂದ ಮರಿಯನ್ನು ಗಮನಿಸಿ. ಕೆಳಗೆ ನೋಡುತ್ತದೆ, ಮುಂಗಾಲು ಇಳಿಬಿಡುತ್ತದೆ, ಹಿಂದಕ್ಕೆ ಎಳೆದುಕೊಳ್ಳುತ್ತದೆ, ಮತ್ತೆ ಕೂರುತ್ತದೆ. ಕಳೆದ ವಾರ ಪರದೆ ಹತ್ತುತ್ತಿದ್ದ ಮರಿ ಇದು. ಎತ್ತಿಕೊಳ್ಳಲು ಹೋದರೆ ಕಿರುಚುತ್ತದೆ. ನಾವು ಸಾಧುವಾಯಿತು, ಬುದ್ಧಿ ಬಂತು ಅಂದುಕೊಳ್ಳುತ್ತೇವೆ. ಒಳಗೆ ನಡೆಯುತ್ತಿರುವುದು ಬೇರೆ: ಊಟದಲ್ಲಿ ರಂಜಕ (ಫಾಸ್ಫರಸ್) ಹೆಚ್ಚಾಗಿ ಕ್ಯಾಲ್ಸಿಯಂ ಕಡಿಮೆಯಾದಾಗ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ರಕ್ತದ ಕ್ಯಾಲ್ಸಿಯಂ ಮಟ್ಟ ಕಾಯಲು ಮೂಳೆಯನ್ನೇ ಕರಗಿಸತೊಡಗುತ್ತವೆ. ಮೂಳೆ ಕಾಗದದಂತಾಗುತ್ತದೆ. ಸೋಫಾದಿಂದ ಹಾರಿದರೆ ಕಾಲು ಮುರಿಯುತ್ತದೆ, ಬೆನ್ನುಮೂಳೆ ಕುಸಿದರೆ ಹಿಂಗಾಲು ಬಿದ್ದುಹೋಗುತ್ತವೆ, ಸೊಂಟದ ಮೂಳೆ ಕಿರಿದಾಗಿ ಜೀವಮಾನವಿಡೀ ಮಲಬದ್ಧತೆ ಉಳಿಯುತ್ತದೆ.

ಟಾರಿನ್ ಕೊರತೆ ತಿಂಗಳು, ಕೆಲವೊಮ್ಮೆ ವರ್ಷಗಳನ್ನೇ ತೆಗೆದುಕೊಳ್ಳುತ್ತದೆ. ಅಕ್ಷಿಪಟ ಸವೆದು ಕಣ್ಣು ಕುರುಡಾಗುತ್ತದೆ, ಹೃದಯದ ಗೋಡೆ ತೆಳುವಾಗಿ ಹಿಗ್ಗುತ್ತದೆ. ಈ ಹೃದಯರೋಗಕ್ಕೆ ಟಾರಿನ್ ಕೊರತೆಯೇ ಕಾರಣವೆಂದೂ, ಟಾರಿನ್ ಕೊಟ್ಟರೆ ಅದು ವಾಸಿಯಾಗುತ್ತದೆಂದೂ 1987ರಲ್ಲಿ ತೋರಿಸಿದವರು ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಪಿಯಾನ್ ಮತ್ತು ಸಂಗಡಿಗರು. ಅಲ್ಲಿಯವರೆಗೆ ಕಂಪನಿಗಳ ಡಬ್ಬಿ ಆಹಾರ ತಿಂದ ಬೆಕ್ಕುಗಳೂ ಇದರಿಂದ ಸಾಯುತ್ತಿದ್ದವು. ಹೃದಯ ಸರಿಹೋಗಬಹುದು, ಸವೆದ ಅಕ್ಷಿಪಟ ಮರಳುವುದಿಲ್ಲ.

ಪಾಕ: ಒಂದು ಸಲಕ್ಕೆ

ಮುಂದಿನ ಅಳತೆಗಳು, ಪ್ರಾಣಿಗಳ ಆಹಾರಕ್ಕೆ ಮಟ್ಟ ಗೊತ್ತುಮಾಡುವ ಅಮೆರಿಕದ ಆಫ್ಕೋ (AAFCO) ಸಂಸ್ಥೆ ಬೆಳೆಯುವ ಮರಿಗಳಿಗೆ ನಿಗದಿಮಾಡಿದ ಕನಿಷ್ಠ ಮಟ್ಟಕ್ಕೆ ಹೊಂದಿಸಿದವು. ಮಾಂಸವನ್ನೆಲ್ಲ ಹಸಿಯಾಗಿದ್ದಾಗಲೇ ತೂಗಬೇಕು.

ಚರ್ಮ ತೆಗೆದ ಕೋಳಿಯ ತೊಡೆ ಮಾಂಸ, ಮೂಳೆ ಬಿಡಿಸಿದ್ದು: 700 ಗ್ರಾಂ
ಕೋಳಿಯ ಗುಂಡಿಗೆ: 150 ಗ್ರಾಂ
ಕೋಳಿಯ ಲಿವರ್: 50 ಗ್ರಾಂ
ಮೊಟ್ಟೆ: 2 (ಓಡು ಎಸೆಯಬೇಡಿ)
ಡೈಕ್ಯಾಲ್ಸಿಯಂ ಫಾಸ್ಫೇಟ್, ಡೈಹೈಡ್ರೇಟ್ (ನೀರಿನ ಅಣು ಕೂಡಿದ) ರೂಪ: 5 ಗ್ರಾಂ
ಮೊಟ್ಟೆ ಓಡಿನ ಪುಡಿ: 6 ಗ್ರಾಂ
ಟಾರಿನ್: 1,000 ಮಿಲಿಗ್ರಾಂ
ಮೀನೆಣ್ಣೆ: 1,000 ಮಿಲಿಗ್ರಾಂನ ಒಂದು ಕ್ಯಾಪ್ಸೂಲ್
ಬೆಕ್ಕಿನ ಮನೆಯೂಟಕ್ಕೆಂದೇ ಇರುವ ವಿಟಮಿನ್-ಖನಿಜ ಪ್ರೀಮಿಕ್ಸ್: ಅದರ ಡಬ್ಬಿಯ ಮೇಲಿನ ಅಳತೆಯಂತೆ

ಚಿಕನ್ ಅಂಗಡಿಯಲ್ಲಿ "ಬೋನ್‌ಲೆಸ್" ಎಂದರೆ ಸಾಮಾನ್ಯವಾಗಿ ಎದೆ ಭಾಗ ಕೊಡುತ್ತಾರೆ. ಅದು ಬೇಡ. ಎದೆಯ ಬಿಳಿ ಮಾಂಸಕ್ಕಿಂತ ತೊಡೆಯ ಕೆಂಪು ಮಾಂಸದಲ್ಲಿ ಟಾರಿನ್ ಹಲವು ಪಟ್ಟು ಹೆಚ್ಚು, ಕೊಬ್ಬೂ ಹದವಾಗಿರುತ್ತದೆ. ಲೆಗ್ ಪೀಸ್ ತಂದು ಮನೆಯಲ್ಲೇ ಮೂಳೆ ಬಿಡಿಸಿದರೂ ಆಯಿತು. ಗುಂಡಿಗೆಯನ್ನು ಬೇರೆಯಾಗಿ ಕೇಳಿ ತೆಗೆಸಿಕೊಳ್ಳಿ. ಸಿಗದಿದ್ದರೆ ಅಷ್ಟೇ ತೂಕದ ತೊಡೆ ಮಾಂಸ ಹಾಕಿ. ಅದರ ಜಾಗಕ್ಕೆ ಲಿವರ್ ಮಾತ್ರ ತುಂಬಬೇಡಿ. ಅಗ್ಗವೆಂದು, ಮರಿ ಇಷ್ಟಪಡುತ್ತದೆಂದು ದಿನಾ ಲಿವರನ್ನೇ ಊಟವಾಗಿಸಿದರೆ ವಿಟಮಿನ್ ಎ ವಿಪರೀತವಾಗಿ, ತಿಂಗಳುಗಳಲ್ಲಿ ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ಓಡಿನ ಪುಡಿ ಮಾಡುವುದು ಸುಲಭ. ಓಡು ತೊಳೆದು ಹತ್ತು ನಿಮಿಷ ಕುದಿಸಿ, ಒಣಗಿಸಿ, ಬಾಣಲೆಯಲ್ಲಿ ತೇವ ಆರುವಷ್ಟು ಬೆಚ್ಚಗೆ ಮಾಡಿ ಮಿಕ್ಸಿಯಲ್ಲಿ ಪುಡಿಮಾಡಿ. ಅಲ್ಲಿಗೆ ನಿಲ್ಲಿಸಬಾರದು. ಬೆರಳಿನ ನಡುವೆ ಉಜ್ಜಿದಾಗ ಮರಳಿನಂತೆ ತರಿತರಿಯಾಗಿದ್ದರೆ ಮರಿಗೆ ಸರಿಯಾಗಿ ಜೀರ್ಣವಾಗದು. ವಸ್ತ್ರಗಾಳಿತ ಮಾಡಿ, ಗೋಧಿ ಹಿಟ್ಟಿನಷ್ಟು ನಯವಾಗಬೇಕು. ಇದರಲ್ಲಿ ನೂರಕ್ಕೆ ಸುಮಾರು 38 ಭಾಗ ಕ್ಯಾಲ್ಸಿಯಂ. ಒಂದು ಮೊಟ್ಟೆಯ ಓಡು ಐದಾರು ಗ್ರಾಂ ತೂಗುವುದರಿಂದ ಈ ಪಾಕದ ಎರಡು ಮೊಟ್ಟೆಗಳ ಓಡಿನಲ್ಲೇ ಬೇಕಾದಷ್ಟು ಪುಡಿ ಸಿಕ್ಕುತ್ತದೆ.

ಓಡಿನ ಪುಡಿ ಇದ್ದ ಮೇಲೆ ಡೈಕ್ಯಾಲ್ಸಿಯಂ ಫಾಸ್ಫೇಟ್ ಯಾಕೆ? ಬಹಳಷ್ಟು ಪಾಕಗಳು ಎಡವುವುದು ಇಲ್ಲೇ, ಆದ್ದರಿಂದ ಲೆಕ್ಕ ಬಿಡಿಸಿ ನೋಡೋಣ. ಮೇಲಿನ ಮಾಂಸ, ಮೊಟ್ಟೆಗಳಲ್ಲಿ ಒಟ್ಟು ಸುಮಾರು 1.9 ಗ್ರಾಂ ರಂಜಕ, ಬರೀ 0.14 ಗ್ರಾಂ ಕ್ಯಾಲ್ಸಿಯಂ ಇದೆ. ಅಂದರೆ ಒಂದು ಪಾಲು ಕ್ಯಾಲ್ಸಿಯಂಗೆ ಹದಿಮೂರು ಹದಿನಾಲ್ಕು ಪಾಲು ರಂಜಕ. ಮರಿಗೆ ಬೇಕಾದದ್ದು ರಂಜಕಕ್ಕಿಂತ ತುಸು ಹೆಚ್ಚು ಕ್ಯಾಲ್ಸಿಯಂ. 6 ಗ್ರಾಂ ಓಡಿನ ಪುಡಿ ಹಾಕಿದರೆ ಕ್ಯಾಲ್ಸಿಯಂ 2.4 ಗ್ರಾಂ ಆಗಿ ಅನುಪಾತವೇನೋ ಚೆನ್ನಾಗಿ ಕೂರುತ್ತದೆ. ದೊಡ್ಡ ಬೆಕ್ಕಿಗಾದರೆ ಇಷ್ಟು ನಡೆದೀತು. ಆದರೆ ಈ ಪಾಕದ ಒಟ್ಟು ಶಕ್ತಿ ಸುಮಾರು 1,290 ಕಿಲೊ ಕ್ಯಾಲೊರಿ. ಅಷ್ಟಕ್ಕೆ ಬೆಳೆಯುವ ಮರಿಗೆ 3.2 ಗ್ರಾಂ ಕ್ಯಾಲ್ಸಿಯಂ, 2.6 ಗ್ರಾಂ ರಂಜಕ ಬೇಕು. ಅನುಪಾತ ಸರಿಯಿದ್ದೂ ಎರಡೂ ಕಡಿಮೆ ಬಿದ್ದವು! ಇಲಿಯಲ್ಲಿ ಈ ಎರಡನ್ನೂ ಒಟ್ಟಿಗೆ ತರುವುದು ಮೂಳೆ. ಆ ಮೂಳೆಯ ಜಾಗದಲ್ಲಿ ಇಲ್ಲಿ ನಿಲ್ಲುವುದು ಡೈಕ್ಯಾಲ್ಸಿಯಂ ಫಾಸ್ಫೇಟ್. ಡೈಹೈಡ್ರೇಟ್ ರೂಪದಲ್ಲಿ ಸುಮಾರು ಶೇ. 23 ಕ್ಯಾಲ್ಸಿಯಂ, ಶೇ. 18 ರಂಜಕ. 5 ಗ್ರಾಂ ಸೇರಿದಾಗ ಒಟ್ಟು ಕ್ಯಾಲ್ಸಿಯಂ 3.5 ಗ್ರಾಂ ದಾಟುತ್ತದೆ, ರಂಜಕ 2.8ಕ್ಕೆ ಬರುತ್ತದೆ.

ಕೊಳ್ಳುವಾಗ ಆಹಾರ ದರ್ಜೆಯದನ್ನೇ ಕೇಳಿ. ತೋಟಕ್ಕೆ ಹಾಕುವ ಮೂಳೆ ಪುಡಿ, ಗೊಬ್ಬರದ ದರ್ಜೆಯ ಫಾಸ್ಫೇಟ್, ಹಸುವಿಗೆ ಕೊಡುವ ಖನಿಜ ಮಿಶ್ರಣ ಈ ಮೂರೂ ಮರಿಗಲ್ಲ. ನಾವು ನುಂಗುವ ಕ್ಯಾಲ್ಸಿಯಂ ಮಾತ್ರೆಯನ್ನು ಪುಡಿಮಾಡಿ ಹಾಕುವುದೂ ಬೇಡ. ಅವುಗಳಲ್ಲಿ ಬಹುಪಾಲಿನಲ್ಲಿ ವಿಟಮಿನ್ ಡಿ3 ಸೇರಿರುತ್ತದೆ, ಅದು ಅತಿಯಾದರೆ ಮರಿಯ ಮೂತ್ರಪಿಂಡದಲ್ಲಿ ಸುಣ್ಣ ಕಟ್ಟುತ್ತದೆ. ಹಾಗೆಯೇ ಮೀನೆಣ್ಣೆ ಅಂದರೆ ಮೀನಿನ ಮೈಯೆಣ್ಣೆ. ಹಳದಿ ಮುತ್ತಿನಂಥ ಕಾಡ್ ಲಿವರ್ ಎಣ್ಣೆಯಲ್ಲಿ ಎ, ಡಿ ಎರಡೂ ಇರುವುದರಿಂದ ಅದನ್ನು ಇಲ್ಲಿ ಬಳಸಬಾರದು.

5 ಗ್ರಾಂ, 6 ಗ್ರಾಂಗಳನ್ನು ಚಮಚದಲ್ಲಿ ಅಂದಾಜು ಮಾಡಬೇಡಿ. ಅಡುಗೆಮನೆಯ ತಕ್ಕಡಿ ಒಂದೆರಡು ಗ್ರಾಂ ಅತ್ತಿತ್ತ ತೋರಿಸುತ್ತದೆ, 5 ಗ್ರಾಂನಲ್ಲಿ ಅದು ಬಹಳವಾಯಿತು. 0.1 ಗ್ರಾಂವರೆಗೆ ತೂಗುವ ಅಂಗೈಯಗಲದ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಇಲ್ಲದೆ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಪ್ರೀಮಿಕ್ಸ್ ಬಿಡುವಂತಿಲ್ಲವೇ?

ಇಲ್ಲ. ಮಾಂಸ, ಲಿವರ್, ಮೊಟ್ಟೆ ಎಷ್ಟು ಚೆನ್ನಾಗಿದ್ದರೂ ಅಯೋಡಿನ್, ಮ್ಯಾಂಗನೀಸ್, ತಾಮ್ರ, ವಿಟಮಿನ್ ಇ ಇವು ಮರಿಗೆ ಬೇಕಾದ ಮಟ್ಟ ಮುಟ್ಟುವುದಿಲ್ಲ. ಅಯೋಡಿನ್ ಒಂದನ್ನೇ ನೋಡಿ. ಈ ಪಾಕಕ್ಕೆ ಸುಮಾರು 580 ಮೈಕ್ರೊಗ್ರಾಂ ಬೇಕು. ಅಯೋಡಿನ್ ಉಪ್ಪಿನಲ್ಲಿ, ಅಂಗಡಿಯ ಮಟ್ಟದಲ್ಲಿ ಇರಬೇಕಾದ ಕನಿಷ್ಠ ಪ್ರಮಾಣ ಗ್ರಾಂಗೆ 15 ಮೈಕ್ರೊಗ್ರಾಂ. ಅದರ ಮೇಲೆ ನಂಬಿಕೆಯಿಟ್ಟರೆ ಒಂದು ಕಿಲೊ ಊಟಕ್ಕೆ 38 ಗ್ರಾಂಗೂ ಹೆಚ್ಚು ಉಪ್ಪು ಸುರಿಯಬೇಕಾದೀತು. ಮರಿಗೆ ಬೇಕಾದ ಸೋಡಿಯಂ ಮಾಂಸದಲ್ಲೇ ಇದೆ, ಚಿಟಿಕೆ ಉಪ್ಪೂ ಹಾಕುವ ಅಗತ್ಯವಿಲ್ಲ.

ಪೆಟ್ ಶಾಪಿನಲ್ಲಿ ಸಿಗುವ ಕೂದಲಿನ ಹೊಳಪಿನ ಸಿರಪ್, ಮಲ್ಟಿವಿಟಮಿನ್ ಪೇಸ್ಟ್‌ಗಳು ಪ್ರೀಮಿಕ್ಸ್ ಅಲ್ಲ. ಅವು ಈಗಾಗಲೇ ಸಂಪೂರ್ಣವಾದ ಆಹಾರದ ಮೇಲೆ ಒಂದಿಷ್ಟು ಸೇರಿಸುವಂಥವು. ಮಾಂಸಕ್ಕೆ ಬೆರೆಸಿ ಅದನ್ನು ಸಂಪೂರ್ಣ ಊಟವಾಗಿಸಲೆಂದೇ ಮಾಡಿದ್ದು, ಬೆಳವಣಿಗೆಯ ವಯಸ್ಸಿಗೂ ಸಲ್ಲುತ್ತದೆಂದು ಡಬ್ಬಿಯ ಮೇಲೆ ಬರೆದಿರುವುದು ಬೇಕು. ಇನ್ನೊಂದು ಎಚ್ಚರ: ಕೆಲವು ಪ್ರೀಮಿಕ್ಸ್‌ಗಳಲ್ಲಿ ಕ್ಯಾಲ್ಸಿಯಂ, ರಂಜಕ, ಟಾರಿನ್ ಮೊದಲೇ ಇರುತ್ತವೆ. ಅಂಥದ್ದನ್ನು ತಂದಿದ್ದರೆ ಮೇಲಿನ ಪುಡಿಗಳನ್ನು ಮತ್ತೆ ಸೇರಿಸದೆ, ಆ ಡಬ್ಬಿಯ ಜೊತೆ ಬರುವ ಪಾಕವನ್ನೇ ಅನುಸರಿಸಿ.

2019ರಲ್ಲಿ ಡೇವಿಸ್‌ನ ಅದೇ ವಿಶ್ವವಿದ್ಯಾಲಯದವರು ಪುಸ್ತಕ ಮತ್ತು ಜಾಲತಾಣಗಳಿಂದ ಆಯ್ದ ಬೆಕ್ಕಿನ ಮನೆಯೂಟದ 114 ಪಾಕಗಳನ್ನು ಪರಿಶೀಲಿಸಿದರು. ಎಲ್ಲ ಪೋಷಕಾಂಶಗಳನ್ನೂ ಪೂರೈಸುವ ಪಾಕ ಒಂದೂ ಸಿಗಲಿಲ್ಲ. ಪಶುವೈದ್ಯರು ಬರೆದ ಪಾಕಗಳೂ ಅದರಲ್ಲಿದ್ದವು, ಮತ್ತು ಅವೆಲ್ಲ ಬೆಳವಣಿಗೆ ಮುಗಿದ ಬೆಕ್ಕುಗಳಿಗೆ ಬರೆದವು. ಆದ್ದರಿಂದ ಪ್ರೀಮಿಕ್ಸ್ ಸಿಗುವವರೆಗೆ ಮನೆಯೂಟವನ್ನು ತಿಂಡಿಯ ಮಟ್ಟದಲ್ಲೇ ಇಡಿ, ಅಂದರೆ ದಿನದ ಕ್ಯಾಲೊರಿಯಲ್ಲಿ ಹತ್ತನೇ ಒಂದು ಪಾಲು. ಒಂದು ಕಿಲೊ ಮರಿಗೆ ಅದು ಬೇಯಿಸಿದ ಮಾಂಸದ ಒಂದು ತುಂಬಿದ ಚಮಚದಷ್ಟು. ಉಳಿದ ಒಂಬತ್ತು ಪಾಲು ಮರಿಗಳ ಸಂಪೂರ್ಣ ರೆಡಿ ಆಹಾರವಾಗಿರಲಿ.

ಬೇಯಿಸುವುದು, ಕಲಸುವುದು

ಮಾಂಸ, ಗುಂಡಿಗೆ, ಲಿವರ್‌ಗಳನ್ನು ಅಡಿಕೆ ಗಾತ್ರಕ್ಕೆ ಹೆಚ್ಚಿ 200 ಮಿಲಿ ನೀರಿನಲ್ಲಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಬೇಯಿಸಿ. ದೊಡ್ಡ ತುಂಡನ್ನು ಮುರಿದರೆ ಒಳಗೆ ಗುಲಾಬಿ ಬಣ್ಣ ಇರಬಾರದು. ಮೊಟ್ಟೆ ಬೇರೆಯಾಗಿ ಬೇಯಲಿ. ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ, ಒಗ್ಗರಣೆ ಯಾವುದೂ ಬೇಡ. ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಸಾರಿನಿಂದ ತೆಗೆದು ತೊಳೆದುಕೊಟ್ಟ ತುಂಡಿನಲ್ಲೂ ಅವುಗಳ ರಸ ಇಳಿದಿರುತ್ತದೆ.

ಬೆಂದ ನೀರನ್ನು ಚೆಲ್ಲಬೇಡಿ. ಟಾರಿನ್ ನೀರಿನಲ್ಲಿ ಕರಗುವ ವಸ್ತು, ಬೇಯುವಾಗ ಮಾಂಸದಿಂದ ಜಾರಿ ಆ ನೀರಿಗೆ ಸೇರಿರುತ್ತದೆ. ನೀರು ಬಸಿದು ಬರೀ ತುಂಡು ಹಾಕುವವರು ಮರಿಗೆ ಬೇಕಾದದ್ದನ್ನೇ ಸಿಂಕಿಗೆ ಸುರಿಯುತ್ತಾರೆ.

ಎಲ್ಲವೂ ಕೈಗೆ ಉಗುರುಬೆಚ್ಚಗೆನಿಸುವಷ್ಟು ಆರಿದ ಮೇಲೆ ಪಾತ್ರೆಯ ತೂಕ ಕಳೆದು ತೂಗಿ, ಕುದಿಸಿ ಆರಿಸಿದ ನೀರು ಸೇರಿಸಿ ಒಟ್ಟು 1,100 ಗ್ರಾಂಗೆ ತನ್ನಿ. ಹೀಗೆ ಮಾಡಿದರೆ ಪ್ರತಿ ಸಲವೂ 100 ಗ್ರಾಂ ಊಟದಲ್ಲಿ ಸುಮಾರು 117 ಕಿಲೊ ಕ್ಯಾಲೊರಿ ಇರುತ್ತದೆ, ಬಡಿಸುವ ಲೆಕ್ಕ ತಪ್ಪುವುದಿಲ್ಲ. ಈಗ ಪುಡಿಗಳು, ಟಾರಿನ್, ಪ್ರೀಮಿಕ್ಸ್, ಎಣ್ಣೆ ಸೇರಲಿ. ಬಿಸಿಯಿದ್ದಾಗ ಹಾಕಿದರೆ ಥಯಾಮಿನ್ ಹಾಳು. ಪುಡಿಗಳನ್ನು ನೇರ ಸುರಿದರೆ ಒಂದೇ ಕಡೆ ಗಂಟಾಗುತ್ತವೆ, ಒಂದು ದಿನದ ಪಾಲಿಗೆ ಎಲ್ಲವೂ ಬಂದು ಮರುದಿನದ್ದು ಬರಿದು. ಮೊದಲು ಅರ್ಧ ಲೋಟ ಮಾಂಸದ ನೀರಿನಲ್ಲಿ ತೆಳ್ಳಗೆ ಕದಡಿ, ಅದನ್ನು ಸುತ್ತಲೂ ಹೊಯ್ದು ಕಲಸಿ, ಆಮೇಲೆ ಮಿಕ್ಸಿಗೆ ಹಾಕಿ. ಎಂಟು ವಾರದೊಳಗಿನ ಮರಿಗೆ ನುಣ್ಣಗೆ ಅರೆದದ್ದು, ಹತ್ತು ವಾರ ದಾಟಿದ ಮೇಲೆ ತರಿತರಿ.

ಹಸಿಯಾಗಿಯೇ ಕೊಡಬೇಕೆನ್ನುವವರಿಗೆ ಒಂದು ಮಾತು. ನಾಗಪುರದ ಗೋರೆವಾಡಾ ರಕ್ಷಣಾ ಕೇಂದ್ರದಲ್ಲಿ 2024ರ ಕೊನೆಗೆ ಮೂರು ಹುಲಿ, ಒಂದು ಚಿರತೆ ಹಕ್ಕಿಜ್ವರದಿಂದ ಸತ್ತವು. ಬೆಕ್ಕಿನ ಕುಲಕ್ಕೆ ಎಚ್5ಎನ್1 ವೈರಸ್ ಮಾರಕ, ಹಸಿ ಕೋಳಿ ಅದರ ದಾರಿಗಳಲ್ಲೊಂದು. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಬೇರೆ. ರೋಗನಿರೋಧಕ ಶಕ್ತಿ ಇನ್ನೂ ಬಲಿಯದ ಮರಿಗೆ ಬೇಯಿಸಿದ್ದೇ ಸರಿ. ಬೆಂದ ಕೋಳಿ ಮೂಳೆಯನ್ನಂತೂ ಇಡಿಯಾಗಿ ಕೊಡಲೇಬಾರದು, ಸೀಳಾಗಿ ಕರುಳಿಗೆ ಚುಚ್ಚುತ್ತದೆ.

ಕರಾವಳಿಯವರು ಮೀನೆಣ್ಣೆಯ ಬದಲು 50 ಗ್ರಾಂ ಬೂತಾಯಿ ಹಾಕಬಹುದು; ತಲೆ, ಕರುಳು ತೆಗೆದು, ಕುಕ್ಕರಿನಲ್ಲಿ ಮುಳ್ಳು ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಬೇಯಿಸಿ. ಆದರೆ ದಿನವಿಡೀ ಮೀನೇ ಆದರೆ ವಿಟಮಿನ್ ಇ ಸಾಲದೆ ಚರ್ಮದಡಿಯ ಕೊಬ್ಬು ಉರಿಯೂತದಿಂದ ಗಟ್ಟಿಯಾಗಿ, ಮುಟ್ಟಿದರೆ ನೋವಾಗುವ ಕಾಯಿಲೆ ಬರುತ್ತದೆ.

ಎಷ್ಟು, ಎಷ್ಟು ಸಲ

ಅರ್ಧ ಕಿಲೊ ಮರಿಗೆ ದಿನಕ್ಕೆ ಸುಮಾರು 90 ಗ್ರಾಂ, ಒಂದು ಕಿಲೊ ಮರಿಗೆ 150 ಗ್ರಾಂ, ಎರಡು ಕಿಲೊ ಮರಿಗೆ 200ರಿಂದ 250 ಗ್ರಾಂ. ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ. ಒಂದು ಕಿಲೊ ಮರಿಗೆ ಈ ಪಾಕ ಒಂದು ವಾರ ಬರುತ್ತದೆ. ಎರಡು ದಿನದ್ದನ್ನು ಫ್ರಿಜ್ಜಿನಲ್ಲಿಟ್ಟು ಉಳಿದದ್ದನ್ನು ದಿನದ ಪಾಲಾಗಿ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕಿ. ಕೊಡುವ ಮುಂಚೆ ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಮೈಬಿಸಿಗೆ ತನ್ನಿ; ತಣ್ಣಗಿದ್ದರೆ ವಾಸನೆ ಏಳದು, ಮರಿ ಮೂಸಿ ಹೋಗುತ್ತದೆ. ಬಟ್ಟಲಲ್ಲಿ ಅರ್ಧ ಗಂಟೆಯ ಮೇಲೆ ಉಳಿದದ್ದು ಕಸಕ್ಕೆ.

ಹಳೆಯ ಆಹಾರದಿಂದ ಹೊಸದಕ್ಕೆ ಒಂದೇ ದಿನ ಜಿಗಿಯಬೇಡಿ. ಮೊದಲ ಎರಡು ಮೂರು ದಿನ ಕಾಲು ಪಾಲು ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಹೀಗೆ ಹತ್ತು ದಿನ. ಭೇದಿಯಾದರೆ ಹಿಂದಿನ ಹೆಜ್ಜೆಗೆ ಮರಳಿ. ಒಂದು ದಿನಪೂರ್ತಿ ಏನೂ ಮುಟ್ಟದ ಮರಿಯನ್ನು "ಹಸಿದರೆ ತಿಂದೀತು" ಎಂದು ಬಿಡುವುದು ಅಪಾಯ. ಹಳೆಯದನ್ನೇ ಕೊಟ್ಟು ಮೊದಲು ಹೊಟ್ಟೆ ತುಂಬಿಸಿ.

ವಾರಕ್ಕೊಮ್ಮೆ ಒಂದೇ ಹೊತ್ತಿಗೆ, ಊಟಕ್ಕೆ ಮುಂಚೆ, ಅಡುಗೆಮನೆಯ ತಕ್ಕಡಿಯ ಮೇಲೆ ರಟ್ಟಿನ ಪೆಟ್ಟಿಗೆಯಿಟ್ಟು ಮರಿಯನ್ನು ತೂಗಿ, ಕ್ಯಾಲೆಂಡರಿನ ಮೇಲೆ ಬರೆಯಿರಿ. ಮೊದಲ ನಾಲ್ಕೈದು ತಿಂಗಳು ವಾರಕ್ಕೆ ಸುಮಾರು 100 ಗ್ರಾಂ ಏರಬೇಕು. ಏರದಿದ್ದರೆ ಮೊದಲು ಜಂತುಹುಳುವಿನ ಔಷಧಿ ಯಾವಾಗ ಕೊಟ್ಟದ್ದೆಂದು ನೋಡಿ, ಹುಳುವಿದ್ದ ಹೊಟ್ಟೆಗೆ ಯಾವ ಪಾಕವೂ ಹತ್ತುವುದಿಲ್ಲ. ಎರಡು ವಾರ ಸತತವಾಗಿ ತೂಕ ನಿಂತರೆ, ಅಥವಾ ತೂಕ ಏರುತ್ತಿದ್ದೂ ಮರಿ ಹಾರುವುದನ್ನು ಬಿಟ್ಟರೆ, ಪಶುವೈದ್ಯರ ಬಳಿ ಹೋಗುವಾಗ ಪಾಕವನ್ನು ಗ್ರಾಂ ಸಮೇತ ಬರೆದ ಚೀಟಿ ಮತ್ತು ಪ್ರೀಮಿಕ್ಸ್ ಡಬ್ಬಿ ಎರಡನ್ನೂ ಒಯ್ಯಿರಿ. "ಮನೆಯಲ್ಲೇ ಚಿಕನ್ ಮಾಡಿ ಹಾಕ್ತೀವಿ" ಎಂಬ ಮಾತಿನಿಂದ ವೈದ್ಯರಿಗೆ ಏನೂ ತಿಳಿಯದು. ಚೀಟಿಯಲ್ಲಿ ಓಡಿನ ಪುಡಿ 6 ಗ್ರಾಂ ಇದೆಯೋ 0.6 ಇದೆಯೋ ಎಂಬುದರಿಂದ ಎಕ್ಸ್‌ರೇಗೆ ಮುಂಚೆಯೇ ಅರ್ಧ ವಿಷಯ ಗೊತ್ತಾಗುತ್ತದೆ.